ಸದ್ದಿಲ್ಲದ ಗೇರ್‌ಬಾಕ್ಸ್

“ಅಣ್ಣಾ, ಮಸ್ಕಿಗೆ ಈ ದಾರಿಯಲ್ಲಿ ಹೋಗಬಹುದೇ?”

ಕುರಿಗಾರನು ಕಾರನ್ನು ನೋಡಿದನು, ಒಳಗಿದ್ದ ಇಬ್ಬರನ್ನೂ ನೋಡಿದನು. “ಹೋಗಬಹುದು ಯವ್ವಾ, ಕಾರಿನ ಮುಖ ಆ ಕಡೆ ತಿರುಗಿಸಿಕೊಂಡರೆ,” ಎಂದನು.

ಇಂದುಮತಿ ಕಾರನ್ನು ತಿರುಗಿಸಿದಳು. ಹನ್ನೊಂದು ರಾಜ್ಯಗಳ ರಸ್ತೆ ಕಂಡವಳು ತನ್ನದೇ ಜಿಲ್ಲೆಯಲ್ಲಿ ದಾರಿ ತಪ್ಪಿದ್ದಳು. ಪಕ್ಕದಲ್ಲಿ ಕುಳಿತಿದ್ದ ಖಾಸಿಂ ಉಸ್ತಾದರು ಅವಳಿಗೆ ಗೇರ್‌ಬಾಕ್ಸ್ ಬಿಚ್ಚಿ ಕೂಡಿಸುವುದನ್ನು ಕಲಿಸಿದವರು. ದಾರಿ ಹುಡುಕುವುದನ್ನು ಕಲಿಸಿರಲಿಲ್ಲ.

ಸ್ವಲ್ಪ ದೂರ ಹೋದ ಮೇಲೆ ಅವಳು ಇನ್ನೊಂದು ಪ್ರಶ್ನೆ ಕೇಳಿದಳು. “ಉಸ್ತಾದ್, ನಾಳೆ ಈ ಕಾರಿನ ಎಂಜಿನ್ ಟ್ಯೂನ್ ಮಾಡಿಸಿ ಶಕ್ತಿ ಹೆಚ್ಚಿಸಬೇಕೆಂದಿದ್ದೇನೆ. ಆಮೇಲೆ ಲಡಾಖಿಗೆ ಹೊರಡುತ್ತೇನೆ. ಪ್ರತಿ ಸಲ ಜೊತೆಗೆ ಬರುತ್ತಿದ್ದ ತಂಗಿ ಈ ಸಲ ಬರುವುದಿಲ್ಲವಂತೆ, ಕಾರಣ ಹೇಳಲಿಲ್ಲ. ಒಬ್ಬಳೇ ಹೋಗುವವಳು, ನಡುದಾರಿಯಲ್ಲಿ ನಿಲ್ಲಬಾರದು. ಅಷ್ಟು ಹೆಚ್ಚಿನ ಎಳೆತವನ್ನು ಆಟೋಮ್ಯಾಟಿಕ್ ಗೇರ್‌ಬಾಕ್ಸ್ ತಡೆಯುತ್ತದೆಯೇ?”

ಉಸ್ತಾದರು ಕಿಟಕಿಯ ಗಾಜು ಏರಿಸಿ ಹೇಳತೊಡಗಿದರು.

ಒಬ್ಬ ಸೀರೆ ವ್ಯಾಪಾರದ ಹೆಂಗಸಿದ್ದಳು. ಊರೂರು ತಿರುಗುವುದೇ ಅವಳ ಬದುಕು. ಕಾರು ಆಟೋಮ್ಯಾಟಿಕ್. ಜೊತೆಗೆ ಒಬ್ಬ ಗೆಳತಿ ಬರುತ್ತಿದ್ದಳು. ಗೆಳತಿ ಗಂಟು ಕಟ್ಟುವಳು, ಊಟ ಹೊಂದಿಸುವಳು, ನಡೆ ಎಂದಾಗ ನಡೆಯುವಳು. ದಿನಕ್ಕೆ ಎರಡು ಊರು ಇದ್ದದ್ದು ಮೂರಾಯಿತು, ನಾಲ್ಕಾಯಿತು. ಆಯಾಸವಾಯಿತೇ ಎಂದು ವ್ಯಾಪಾರಿ ಒಮ್ಮೆಯೂ ಕೇಳಲಿಲ್ಲ. ಒಂದು ದಿನ ಗೆಳತಿ ಬಸ್ ನಿಲ್ದಾಣದ ಎದುರು ಇಳಿದಳು. “ನನಗೇನೂ ಆಗಿಲ್ಲ, ನೀನು ಹೋಗು,” ಎಂದಳು. ಏನೂ ಆಗದವಳು ಏಕೆ ಇಳಿದಳೆಂದು ಬೈದುಕೊಳ್ಳುತ್ತ ವ್ಯಾಪಾರಿ ಹೋದಳು.

ಪಕ್ಕದ ಸೀಟಿನಲ್ಲಿ ಈಗ ಸೀರೆಯ ಗಂಟು ಕುಳಿತಿತು. ಅದಕ್ಕೂ ಬೆಲ್ಟ್ ಹಾಕಬೇಕಾಗಿತ್ತು. ಇಲ್ಲವಾದರೆ ಕಾರು ಕೂಗುತ್ತಿತ್ತು. ವ್ಯಾಪಾರಿ ಗಂಟಿನ ಜೊತೆ ಒಂದೆರಡು ಮಾತಾಡಿ ನೋಡಿದಳು. ಆಮೇಲೆ ಅದನ್ನೂ ಬಿಟ್ಟಳು. ಮೌನ ತಡೆಯದೆ ವೇಗವನ್ನು ಹಿಡಿದಳು, ಎಂಜಿನ್ ಟ್ಯೂನ್ ಮಾಡಿಸಿದಳು. ಮೆಕ್ಯಾನಿಕ್ ಹೇಳಿದ್ದನು: “ಗೇರ್‌ಬಾಕ್ಸ್ ಮಾಡುವವರು ಸ್ವಲ್ಪ ಹೆಚ್ಚಿನ ತಾಕತ್ತು ಇಟ್ಟೇ ಮಾಡಿರುತ್ತಾರೆ. ಅದರೊಳಗಿದ್ದರೆ ತಡೆಯುತ್ತದೆ. ಆದರೆ ಬಿಸಿಯಾಗಲು ಬಿಡಬೇಡಿ, ಎಣ್ಣೆ ಬೇಗ ಬದಲಿಸಿ.” ಅವಳು ತಡೆಯುತ್ತದೆ ಎಂಬುದನ್ನಷ್ಟೇ ಕೇಳಿಸಿಕೊಂಡಳು. ಕೆಲವು ತಿಂಗಳು ಕಳೆದವು. ಗೇರ್ ಬೀಳುವಾಗ ಜಗ್ಗಲಿಲ್ಲ, ಸದ್ದಾಗಲಿಲ್ಲ. ಆರಾಮಾಗಿದೆ ಎಂದುಕೊಂಡು ಇನ್ನೊಮ್ಮೆ ಟ್ಯೂನ್ ಮಾಡಿಸಿದಳು.

ಒಂದು ಮಧ್ಯಾಹ್ನ ಘಾಟಿಯ ಏರಿನಲ್ಲಿ ಎಂಜಿನ್ ಆರ್ಭಟಿಸಿತು, ಕಾರು ಮಾತ್ರ ಮೇಲೇರಲಿಲ್ಲ.

ಮೆಕ್ಯಾನಿಕ್ ಗೇರ್‌ಬಾಕ್ಸಿನ ಎಣ್ಣೆ ಇಳಿಸಿದನು. ಕೆಂಪಗಿರಬೇಕಾದದ್ದು ಕಪ್ಪಾಗಿತ್ತು, ಸುಟ್ಟ ವಾಸನೆ ಬಂತು. “ನೋಡಿ ಅಮ್ಮಾ,” ಎಂದನು. “ಕೈಯಲ್ಲಿ ಗೇರ್ ಹಾಕುವ ಗಾಡಿಯಾಗಿದ್ದರೆ ಕ್ಲಚ್ಚು ನಾರಿ, ಜಗ್ಗಿ, ನಿಮ್ಮ ಜೊತೆ ಜಗಳಕ್ಕೇ ನಿಲ್ಲುತ್ತಿತ್ತು. ಇದು ಹಾಗಲ್ಲ. ಕುಳಿತವರಿಗೆ ಏನೂ ತಿಳಿಯದಂತೆ ನೋಡಿಕೊಳ್ಳುವುದೇ ಇದರ ಕೆಲಸ. ಒಳಗಿನ ಪ್ಲೇಟುಗಳು ತಿಂಗಳುಗಟ್ಟಲೆ ಜಾರುತ್ತ, ಸುಡುತ್ತ ಇದ್ದವು.”

ವ್ಯಾಪಾರಿ ಬಹಳ ಹೊತ್ತು ಆ ಎಣ್ಣೆಯನ್ನೇ ನೋಡಿದಳು. ಕಾರನ್ನೂ ಗಂಟನ್ನೂ ಅಲ್ಲೇ ಬಿಟ್ಟು ಬಸ್ ಹತ್ತಿದಳು. ಕೇಳುತ್ತ ಕೇಳುತ್ತ ಗೆಳತಿಯ ಮನೆ ಹುಡುಕಿದಳು. ಹೊಸ್ತಿಲಲ್ಲೇ ನಿಂತು, ಅಷ್ಟು ವರ್ಷ ಉಳಿಸಿಕೊಂಡಿದ್ದ ಋಣವನ್ನು ತೀರಿಸಿದಳು.

“ನಿನಗೆ ಆಯಾಸವಾಗಿತ್ತೇನೇ?”

“ಆಗಿತ್ತು,” ಎಂದಳು ಗೆಳತಿ. ಒಂದು ಚೊಂಬು ನೀರು ತಂದುಕೊಟ್ಟಳು. ಒಳಗೆ ಬಾ ಎನ್ನಲಿಲ್ಲ.

ಉಸ್ತಾದರು ಅಷ್ಟಕ್ಕೆ ನಿಲ್ಲಿಸಿದರು. ಇಂದುಮತಿ ಕಾದಳು. ಅವರು ಮುಂದುವರಿಸದಿದ್ದಾಗ, “ಹಾಗಾದರೆ ನಾಳೆ ಟ್ಯೂನ್ ಮಾಡಿಸಲೇ, ಬೇಡವೇ?” ಎಂದಳು.

“ಗೇರ್‌ಬಾಕ್ಸಾದರೆ ಬಿಚ್ಚಿ ನೋಡಿ ಹೇಳುತ್ತೇನೆ ಮಗಳೇ, ಮನುಷ್ಯರನ್ನು ಬಿಚ್ಚಲಾಗದು, ನೀನೇ ಕೇಳಬೇಕು.”

ಇಂದುಮತಿ ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿ ತಂಗಿಗೆ ಫೋನ್ ಹಚ್ಚಿದಳು.