ಹೆರಿಯಣ್ಣನ ಎರಡು ಲಂಗರು

ಹೆರಿಯಣ್ಣ ಮೊಗವೀರನಿಗೆ ಒಂದು ದೋಣಿ, ಎರಡು ಲಂಗರು ಇದ್ದವು. ಒಂದಕ್ಕೆ ಗುದ್ದಲಿಯಂತೆ ಅಗಲವಾದ ಹಲ್ಲುಗಳು; ಕೆಸರಿನಲ್ಲಿ ಹೂತು ಕೂರುವಂಥದ್ದು. ಇನ್ನೊಂದಕ್ಕೆ ನಾಲ್ಕು ಕೊಕ್ಕೆಗಳು. ಬಂಡೆಯ ಸಂದಿಗೆ ಸಿಕ್ಕಿಕೊಳ್ಳುವಂಥದ್ದು. ಮನೆ ನಡೆಯುತ್ತಿದ್ದದ್ದು ಆ ದೋಣಿಯೊಂದರಿಂದಲೇ.

ಒಮ್ಮೆ ಹೊಳೆ ಕಡಲು ಸೇರುವ ಅಳಿವೆಯಲ್ಲಿ ಬಿರುಗಾಳಿ ಎದ್ದಿತು. ಸುತ್ತಲಿನ ದೋಣಿಗಳು ಕೊಚ್ಚಿಹೋದವು, ಹೆರಿಯಣ್ಣನದು ಕದಲಲಿಲ್ಲ. ಅಗಲ ಹಲ್ಲಿನ ಲಂಗರು ಕೆಸರನ್ನು ಕಚ್ಚಿ ಹಿಡಿದಿತ್ತು. ಮರುದಿನ ಅವನು ಅದನ್ನು ತೊಳೆದು ಕುಂಕುಮ ಇಟ್ಟ. ಕೊಕ್ಕೆಯ ಲಂಗರು ಕೊಟ್ಟಿಗೆ ಸೇರಿತು.

ಹೆಂಡತಿಯ ತಮ್ಮ ಬಚ್ಚ ಅವನ ಜೊತೆಗೇ ಕಡಲಿಗೆ ಹೋಗುವವನು. "ಭಾವ, ಅದೂ ಇರ್ಲಿ. ಎಲ್ಲಾ ಕಡೆ ಕೆಸರೇ ಇರತ್ತಾ?" ಎಂದ.

"ಜೀವ ಉಳ್ಸಿದ್ ಇದ್. ಇದ್ ಇಪ್ಪಾಗ ಮತ್ತೊಂದ್ ಎಂತಕ್ಕೆ?" ಎಂದ ಹೆರಿಯಣ್ಣ. ನಂಬಿಕೆ ಎಂದರೆ ಅಂಥ ನಂಬಿಕೆ.

ಮುಂದೊಂದು ದಿನ ಗಾಳಿ ಜೋರಾಗಿ, ಇಬ್ಬರೂ ಒಂದು ದ್ವೀಪದ ಮರೆಗೆ ಬಂದರು. ಬಚ್ಚ ಸೀಸದ ಗುಂಡಿಗೆ ಮೇಣ ಮೆತ್ತಿ ಹಗ್ಗದಲ್ಲಿ ತಳಕ್ಕೆ ಬಿಟ್ಟ. ಕೆಳಗೆ ಕೆಸರಿದ್ದರೆ ಮೇಣಕ್ಕೆ ಕೆಸರು ಅಂಟುತ್ತದೆ, ಮರಳಿದ್ದರೆ ಮರಳು. ಗುಂಡು ಬರಿದಾಗಿ ಮೇಲೆ ಬಂತು; ಮೇಣದ ಮೇಲೆ ಒಂದು ಗೀರು ಮಾತ್ರ.

"ಭಾವ, ಕೆಳಗೆ ಬಂಡೆ!"

ಹೆರಿಯಣ್ಣ ಅಷ್ಟರಲ್ಲಿ ಲಂಗರು ಇಳಿಸಿಯಾಗಿತ್ತು. ಅದು ಬಂಡೆಯ ಮೇಲೆ ಕರಕರ ಜಾರಿತು. ದೋಣಿ ದ್ವೀಪಕ್ಕೆ ಬಡಿಯುವುದರೊಳಗೆ ಪಕ್ಕದ ದೋಣಿಯವರು ಹಗ್ಗ ಎಸೆದು ಉಳಿಸಿದರು. ಅವರ ದೋಣಿಯನ್ನು ಹಿಡಿದು ನಿಲ್ಲಿಸಿದ್ದು ಒಂದು ಕೊಕ್ಕೆಯ ಲಂಗರು.

ಬುದ್ಧಿ ಬಂತೆಂದು ನೀವು ಅಂದುಕೊಂಡಿರಬಹುದು. ಬಂತು, ತಲೆಕೆಳಗಾಗಿ ಬಂತು. ಊರಿಗೆ ಮರಳಿದವನೇ ಹೆರಿಯಣ್ಣ ಅಗಲ ಹಲ್ಲಿನ ಲಂಗರನ್ನು ಬಾಯಿಗೆ ಬಂದಂತೆ ಬೈದು ಗುಜರಿಯವನಿಗೆ ಕೊಟ್ಟುಬಿಟ್ಟ. ಕೊಕ್ಕೆಯದು ದೋಣಿಗೆ ಏರಿತು. ಬಚ್ಚ ಬೇಡವೆಂದು ಗೋಗರೆದರೂ ಕೇಳಲಿಲ್ಲ.

ಮಳೆಗಾಲದ ಮೊದಲ ಗಾಳಿ ಅದೇ ಅಳಿವೆಯಲ್ಲಿ ಎದ್ದಿತು. ಹೆರಿಯಣ್ಣ ಧೈರ್ಯವಾಗಿ ಕೊಕ್ಕೆಯ ಲಂಗರು ಇಳಿಸಿದ. ಮೊಸರಿನಲ್ಲಿ ಬೆರಳಾಡಿಸಿದ ಹಾಗೆ ಅದು ಕೆಸರಿನಲ್ಲಿ ಸುಮ್ಮನೆ ಎಳೆದುಕೊಂಡು ಬಂತು. ಇಬ್ಬರೂ ನೀರಿಗೆ ಹಾರಿ, ಈಜಿ ದಡ ಸೇರಿದರು. ದೋಣಿ ಕಲ್ಲಿನ ಕಟ್ಟೆಗೆ ಬಡಿದು ಎರಡು ಹೋಳಾಯಿತು.

ಒದ್ದೆ ಬಟ್ಟೆಯಲ್ಲೇ ಕುಸಿದು ಕೂತ ಹೆರಿಯಣ್ಣ ಗೊಳೋ ಎಂದು ಅತ್ತ. "ಇದೂ ನಂಗೆ ಮೋಸ ಮಾಡ್ತ್ ಕಾಣ್, ಬಚ್ಚಾ!"

ಬಚ್ಚನಿಗೆ ಸಿಟ್ಟೂ ಬಂತು, ಕನಿಕರವೂ ಬಂತು. "ಲಂಗರ್ ಎಂತ ಮೋಸ ಮಾಡತ್ತ್ ಭಾವ? ಕೆಳಗೆ ಎಂತ ಇತ್ತ್ ಅಂದೇಳಿ ನೀವ್ ಒಂದ್ ದಿನ ಆದ್ರೂ ಕೇಂಡಿದ್ರ್ಯಾ?"

ಆ ವರ್ಷದಿಂದ ಹೆರಿಯಣ್ಣ ಬೇರೆಯವರ ದೋಣಿಯಲ್ಲಿ ಬಲೆ ಎಳೆಯುತ್ತಿದ್ದಾನೆ.

ನೀತಿ: ಒಂದು ಕಡೆ ಕಾಪಾಡಿದ್ದು ಎಲ್ಲ ಕಡೆಯೂ ಕಾಪಾಡುವುದಿಲ್ಲ, ಒಂದು ಕಡೆ ಸೋತದ್ದು ಎಲ್ಲ ಕಡೆಯೂ ಸೋಲುವುದಿಲ್ಲ. ಹೊಗಳುವ ಮೊದಲು, ಎಸೆಯುವ ಮೊದಲು, ನಿಂತ ಜಾಗದ ತಳ ನೋಡಿಕೊಳ್ಳಿ.