ಕಂಚುಗಾರನ ಹೆಂಡತಿ ಸೋವಲೆಗೆ ಮಡಿಲಗೌರಿ ಒಲಿದ ಕಥೆ

ಬಸುರಿಯರೂ ಬಾಣಂತಿಯರೂ ಗೋಡೆಗೊರಗಿ ಆರಾಮಾಗಿ ಕುಳಿತು, ಮಿಕ್ಕವರು ಅವರ ಸುತ್ತ ಕುಳಿತು, ಮಡಿಲಗೌರಿಯ ಮಹಿಮೆಯನ್ನು ಕೇಳುವಂಥವರಾಗಿ.

ವರದಾ ನದಿಯ ತೀರದ ಒಂದು ಊರಿನಲ್ಲಿ ಕೇತಯ್ಯನೆಂಬ ಕಂಚುಗಾರನೂ ಅವನ ಹೆಂಡತಿ ಸೋವಲೆಯೂ ತಾಯಿ ಮಾಳಾಂಬೆಯೂ ಇದ್ದರು. ಮದುವೆಯಾಗಿ ಎಂಟು ವರ್ಷಕ್ಕೆ ಸೋವಲೆ ಹೆಣ್ಣುಕೂಸನ್ನು ಹೆರಲು, ಮಾಳಾಂಬೆ ಹಿಗ್ಗಿ ತೊಟ್ಟಿಲಿಗೆ ಹೂ ಕಟ್ಟಿಸಿ ಕೇರಿಗೆಲ್ಲ ಸಕ್ಕರೆ ಹಂಚಿದಳು. ಹನ್ನೊಂದನೆಯ ದಿನ ಬಾಣಂತಿಯ ಮುಂದೆ ದೀಪವಿಟ್ಟು, ಅವಳ ಮನಸ್ಸನ್ನು ವಿಚಾರಿಸಿ, ಮಡಿಲಗೌರಿಯನ್ನು ಪೂಜಿಸುವ ಪದ್ಧತಿ ಆ ಊರಲ್ಲಿತ್ತು. ಮಾಳಾಂಬೆಯು, "ಇಷ್ಟು ಚೆಂದದ ಕೂಸು ಹುಟ್ಟಿದ ಮೇಲೆ ವಿಚಾರಿಸುವುದೇನಿದೆ?" ಎಂದು ಅದನ್ನು ಬಿಟ್ಟಳು.

ಇತ್ತ ಸೋವಲೆಗೆ ಊಟ ಸೇರದು, ಕೂಸು ಮಲಗಿದರೂ ನಿದ್ದೆ ಹತ್ತದು. ಯಾರದೋ ಮಗುವನ್ನು ಹೊತ್ತವಳಂತೆ ಅದರ ಮುಖ ನೋಡುವಳು, ಅಳುವಳು, ಅತ್ತದ್ದಕ್ಕೆ ನಾಚಿ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುವಳು. ಒಂದು ದಿನ ಧೈರ್ಯ ಮಾಡಿ, "ಅತ್ತೆ, ನನಗೆ ಕೂಸಿನ ಮೇಲೆ ಮನಸ್ಸೇ ಬರುತ್ತಿಲ್ಲ" ಎಂದಳು.

"ಬಿಡ್ತು ಅನ್ನು! ತಾಯಾದವಳು ಆಡುವ ಮಾತೇ ಇದು?" ಎಂದು ಮಾಳಾಂಬೆ ಗದರಿದಳು. ಸೋವಲೆ ಆಮೇಲೆ ಬಾಯಿ ಬಿಡಲಿಲ್ಲ.

ಮೂರನೆಯ ತಿಂಗಳ ಒಂದು ಮಧ್ಯಾಹ್ನ, ತಾನಿಲ್ಲದಿದ್ದರೇ ಎಲ್ಲರಿಗೂ ಒಳಿತೆಂದು ಬಗೆದು, ಕೂಸನ್ನು ತೊಟ್ಟಿಲಲ್ಲಿ ಮಲಗಿಸಿ ಹೊಳೆಯ ದಾರಿ ಹಿಡಿದಳು. ಅದನ್ನು ಕಂಡ ಗೌರೀದೇವಿಯು ಮುದುಕಿ ಸೂಲಗಿತ್ತಿಯ ರೂಪ ತಾಳಿ, ಹೊಳೆಯ ಮೆಟ್ಟಿಲಿಗೆ ಅಡ್ಡವಾಗಿ ಕುಳಿತು, "ನೀನು ಹೇಗಿದ್ದೀಯೆ, ಮಗಳೇ?" ಎಂದಳು. ಹೆತ್ತಂದಿನಿಂದ ಎಲ್ಲರೂ ಕೂಸು ಹೇಗಿದೆಯೆಂದು ಕೇಳಿದ್ದರೇ ಹೊರತು ಅವಳನ್ನು ಯಾರೂ ಕೇಳಿರಲಿಲ್ಲ. ಸೋವಲೆ ಅಲ್ಲೇ ಕುಸಿದು ಕುಳಿತು, ಬಂದ ಕಾರಣವನ್ನೂ ಮುಚ್ಚಿಡದೆ ಹೇಳಿದಳು.

"ಇದು ನಿನ್ನ ತಪ್ಪಲ್ಲ ತಾಯಿ. ಹೆತ್ತ ಮೈಗೆ ಜ್ವರ ಬರುವಂತೆ ಹೆತ್ತ ಮನಸ್ಸಿಗೂ ಕಾಯಿಲೆ ಬರುತ್ತದೆ. ವಾಸಿಯೂ ಆಗುತ್ತದೆ" ಎಂದು ಮುದುಕಿ ಅವಳ ಕೈಹಿಡಿದು ಮನೆಗೆ ಕರೆತಂದಳು. ಕೇತಯ್ಯನನ್ನೂ ಮಾಳಾಂಬೆಯನ್ನೂ ಕೂರಿಸಿ ವಿಧಿಯನ್ನು ತಿಳಿಸಿದಳು: ಹದಿನಾರು ಶುಕ್ರವಾರ ಸೋವಲೆಯ ಮುಂದೆ ದೀಪವಿಟ್ಟು, ಅಡ್ಡ ಬಾಯಿ ಹಾಕದೆ ಅವಳ ಮಾತು ಕೇಳತಕ್ಕದ್ದು, ದಿನವೂ ಗಂಡನು ಕೂಸನ್ನೆತ್ತಿಕೊಂಡು ಅವಳನ್ನು ಕಣ್ತುಂಬ ಮಲಗಿಸತಕ್ಕದ್ದು, ವೈದ್ಯರನ್ನು ಕರೆಸಿ ಅವರು ಕೊಟ್ಟ ಔಷಧವನ್ನು ತಪ್ಪಿಸಕೂಡದು, ವಾಸಿಯಾಗುವವರೆಗೆ ಅವಳನ್ನು ಒಂಟಿಯಾಗಿ ಬಿಡಕೂಡದು. ಇಷ್ಟು ಹೇಳಿ, ಕೊಟ್ಟ ಮಜ್ಜಿಗೆಯನ್ನೂ ಕುಡಿಯದೆ ಮುದುಕಿ ಕಣ್ಮರೆಯಾದಳು.

ಬಂದವಳು ದೇವಿಯೆಂದು ತಿಳಿದು ಮಾಳಾಂಬೆ ನಡುಗಿದಳು. ಸೊಸೆಯ ಪಕ್ಕ ಕುಳಿತು, "ಕೇತನನ್ನು ಹೆತ್ತಾಗ ನಾನೂ ಕಣಜದ ಹಿಂದೆ ಕೂತು ವರ್ಷವಿಡೀ ಅತ್ತಿದ್ದೆನಮ್ಮಾ. ಯಾರಿಗೂ ಹೇಳಲಿಲ್ಲ. ನೀನು ಹೇಳಿದೆ, ನಾನು ಕೇಳಲಿಲ್ಲ" ಎಂದು ಬಿಕ್ಕಿದಳು.

ಅಂದಿನಿಂದ ಕೇತಯ್ಯನು ಮಧ್ಯಾಹ್ನ ಕುಲುಮೆ ಆರಿಸಿ, ಕೂಸನ್ನು ಹೆಗಲಿಗೆ ಹಾಕಿಕೊಂಡು ಕೇರಿಯಲ್ಲಿ ತಿರುಗುತ್ತಿದ್ದನು. ನೆರೆಯವರು ನಕ್ಕರೂ ನಿಲ್ಲಿಸಲಿಲ್ಲ. ನಾಲ್ಕು ಶುಕ್ರವಾರ ಕಳೆದರೂ ಸೋವಲೆ ಅಳುತ್ತಲೇ ಇದ್ದಳು. ಆದರೂ ಮನೆಯವರು ವ್ರತ ಬಿಡಲಿಲ್ಲ. ಐದನೆಯದಕ್ಕೆ ಅವಳು ಉಪ್ಪಿನಕಾಯಿ ಕೇಳಿ ಹಾಕಿಸಿಕೊಂಡು ಉಂಡಳು. ಹನ್ನೊಂದನೆಯ ಶುಕ್ರವಾರ ಎಣ್ಣೆ ಹಚ್ಚುವಾಗ ಕೂಸು ಅವಳ ಮೂಗು ಹಿಡಿದೆಳೆಯಲು, ತನಗೇ ಗೊತ್ತಿಲ್ಲದಂತೆ ನಕ್ಕುಬಿಟ್ಟಳು. ಹದಿನಾರು ತುಂಬುವಷ್ಟರಲ್ಲಿ, ಬರೀ "ಕೂಸು" ಎನ್ನುತ್ತಿದ್ದವಳು "ನನ್ನ ಕೂಸು" ಎಂದಳು.

ನಾಲ್ಕು ವರ್ಷದ ಮೇಲೆ ಮತ್ತೆ ಬಸುರಿಯಾಗಿ, ಆರನೆಯ ತಿಂಗಳಲ್ಲಿ ಅದೇ ಮಂಕು ಕವಿಯತೊಡಗಲು, ಸೋವಲೆ ಬಚ್ಚಿಡದೆ, "ಅತ್ತೆ, ಮತ್ತೆ ಬಂತು" ಎಂದಳು. ಮಾಳಾಂಬೆ ಕೈಯಲ್ಲಿದ್ದ ಮೊರ ಕೆಳಗಿಟ್ಟು, "ಹೇಳು" ಎಂದು ಪಕ್ಕದಲ್ಲಿ ಕುಳಿತಳು. ಕೇತಯ್ಯನು ಅಂದೇ ವೈದ್ಯರನ್ನು ಕರೆತಂದನು. ಆ ಹೆರಿಗೆಯೂ ಬಾಣಂತನವೂ ನೆಮ್ಮದಿಯಿಂದ ಕಳೆದವು.

ಈ ಕಥೆಯನ್ನು ಓದಿದವರಿಗೂ, ಕೇಳಿದವರಿಗೂ, ಕೇಳಿ ಇನ್ನೊಬ್ಬಳಿಗೆ ಹೇಳಿದವರಿಗೂ ಸೋವಲೆ ಪಡೆದ ಫಲವೇ ದೊರೆಯುವುದು. ಅವರ ಮನೆಯ ಹೆತ್ತವಳ ಮೈಯೂ ಮನಸ್ಸೂ ಒಟ್ಟಿಗೆ ಚೇತರಿಸಿ, ತಾಯಿಯೂ ಮಗುವೂ ನೂರ್ಕಾಲ ಬಾಳುವರು.