ಚೌಡಕ್ಕನ ಕತ್ತು, ಪಾತಾಳಪ್ಪನ ಪೆಟ್ಟಿಗೆ

ಬನ್ನಿ, ಹತ್ತಿರ ಸರಿದು ಕೂತ್ಕೊಳ್ಳಿ. ಚಾಪೆ ಎಳೆದಾಡಬೇಡಿ, ಎಲ್ಲರಿಗೂ ಜಾಗ ಇದೆ. ಬಾಯಲ್ಲಿ ಚಕ್ಕುಲಿ ಇದ್ದರೆ ನುಂಗಿಬಿಡಿ, ಕಟಕಟ ಅಂದರೆ ನನಗೆ ಕತೆ ತಪ್ಪುತ್ತದೆ. ಇವತ್ತಿನದು ನಕ್ಕು ಮರೆಯೋ ಕತೆಯಲ್ಲ. ಹೇಳುವಾಗಲೆಲ್ಲ ನನಗೆ ಮೈ ಉರಿಯುತ್ತದೆ. ನಿಮಗೂ ಸ್ವಲ್ಪ ಉರಿಯಲಿ ಅಂತಲೇ ಹೇಳ್ತೀನಿ, ಕೇಳಿ.

ಒಂದು ಕಾಡಿನಲ್ಲಿ ಕತ್ತೆ, ಕೋಳಿ, ಮೊಲ ಮೂವರೂ ನೆರೆಹೊರೆಯಾಗಿದ್ದರು. ಕತ್ತೆಯ ಹೆಸರು ಚೌಡಕ್ಕ. ಕೋಳಿಯ ಹೆಸರು ಜುಂಜಮ್ಮ. ಮೊಲದ ಹೆಸರು ತಿಮ್ಮರಾಯಿ. ಅವನಿಗೆ ವಯಸ್ಸಾಗಿತ್ತು, ಒಂದು ಹಿಂಗಾಲು ಕುಂಟು.

ಆ ಕಾಡಿನ ತಗ್ಗಿನಲ್ಲಿ ಮನುಷ್ಯರು ಹೊಳೆಗೆ ಅಡ್ಡವಾಗಿ ಕಟ್ಟೆ ಕಟ್ಟಿದ್ದರು. ಮೂರು ವರ್ಷ ಮೇಲಿಂದ ಮೇಲೆ ಹಿನ್ನೀರು ಏರಿ ಬಂತು. ಒಂದು ವರ್ಷ ತಿಮ್ಮರಾಯಿಯ ಬಿಲ ಮುಳುಗಿತು. ಮರುವರ್ಷ ಚೌಡಕ್ಕನ ಕೊಟ್ಟಿಗೆ ಹೋಯಿತು. ಮೂರನೇ ವರ್ಷ ಜುಂಜಮ್ಮ ಮೊಟ್ಟೆಯ ಮೇಲೆ ಕಾವು ಕೂತಿದ್ದಾಗಲೇ ನೀರು ಪೊದೆಯ ಬುಡಕ್ಕೆ ಬಂದು ನಿಂತಿತು.

"ನೆಲದ ಮೇಲೆ ಮನೆ ಕಟ್ಟಿದ್ದು ಸಾಕು," ಅಂದಳು ಚೌಡಕ್ಕ. "ಇನ್ನು ಮೇಲೆ ಚಕ್ರದ ಮೇಲೇ ಬದುಕೋಣ. ನೀರು ಬಂದರೆ ಹೊರಡೋಣ, ಮೇವು ಕಂಡರೆ ನಿಲ್ಲೋಣ."

ಕಾಡಂಚಿನಲ್ಲಿ ಯಾರೋ ಬಿಟ್ಟುಹೋದ ಒಂದು ಕಮಾನು ಗಾಡಿ ಇತ್ತು. ಚಿಕ್ಕ ಗಾಡಿ. ಒಂದೇ ಪ್ರಾಣಿಗೆ ಕಟ್ಟುವ ನೊಗ. ಮೇಲೆ ಈಚಲ ಚಾಪೆಯ ಮುಚ್ಚಿಗೆ.

"ಎಳೆಯೋಕೆ ನಾನಿದ್ದೀನಿ," ಅಂದಳು ಚೌಡಕ್ಕ. "ಆದರೆ ನಾನು ಒಬ್ಬಳೇ ಇರೋದು. ನೋಡ್ಕೊಂಡು ಹೇರಿ."

ಏನು ಹೇರಬೇಕು, ಏನು ಬಿಡಬೇಕು? ಯಾರಿಗೂ ತಿಳಿಯಲಿಲ್ಲ. ಯಾರೂ ಗಾಡಿಯಲ್ಲಿ ಬದುಕಿದವರಲ್ಲವಲ್ಲ. ಅಷ್ಟರಲ್ಲಿ ಮೀಸೆ ತಿರುವುತ್ತಾ ಒಂದು ದಪ್ಪ ಹೆಗ್ಗಣ ಬಂತು. ಅದರ ಹೆಸರು ಪಾತಾಳಪ್ಪ.

"ಗಾಡಿ ಬದುಕಾ? ನನ್ನನ್ನ ಕೇಳಿ," ಅಂದ ಅವನು. "ಕಡಲೆಕಾಯಿ ವ್ಯಾಪಾರಿ ಗಾಡಿಯಲ್ಲಿ ಒಂದು ವರ್ಷ ಊರೂರು ತಿರುಗಿದವನು ನಾನು. ಯಾವುದು ಬೇಕು ಯಾವುದು ಬೇಡ ನನಗೆ ಬಾಯಿಪಾಠ."

ಮೂಟೆಯೊಳಗೆ ಕೂತು ಕಡಲೆಕಾಯಿ ಮೆದ್ದುಕೊಂಡು ತಿರುಗಿದ್ದ ಅಂತ ಅವನು ಹೇಳಲಿಲ್ಲ. ಇವರು ಕೇಳಲೂ ಇಲ್ಲ.

ಅವನನ್ನೇ ಯಜಮಾನ ಮಾಡಿದರು. ಅವನು ಒಂದು ಬಂಡೆಯ ಮೇಲೆ ಕೂತು, "ಒಬ್ಬೊಬ್ಬರಾಗಿ ಸಾಮಾನು ತೋರಿಸಿ," ಅಂದ.

ತಿಮ್ಮರಾಯಿ ಮೂರು ಒಲೆಗುಂಡು ಉರುಳಿಸಿಕೊಂಡು ಬಂದ.

"ಕಲ್ಲು ಎಲ್ಲ ಕಡೆ ಸಿಗುತ್ತಪ್ಪಾ. ಎಸಿ," ಅಂದ ಪಾತಾಳಪ್ಪ.

"ಹೌದಲ್ವಾ! ಎಂಥ ತಲೆ ಯಜಮಾನರದು!" ಅಂತ ಎಲ್ಲರೂ ಬೆರಗಾದರು. ಮೋಸ ಮಾಡೋನು ಯಾವಾಗಲೂ ಮೊದಲನೇ ಮಾತು ಸರಿಯಾದ್ದೇ ಆಡ್ತಾನೆ, ನೆನಪಿಟ್ಟುಕೊಳ್ಳಿ.

ಆಮೇಲೆ ತಿಮ್ಮರಾಯಿ ನೀರಿನ ಮಡಕೆ ತಂದ. "ಒಂದು ಇರಲಿ, ಚಿಕ್ಕದು," ಅಂತ ಪಾತಾಳಪ್ಪ ಒಪ್ಪಿದ. ಚೌಡಕ್ಕ ಹಳೇ ಗೋಣಿಯನ್ನು ಮಡಿಸಿ ಹೊಲಿದ ಒಂದು ಮೆತ್ತೆ ತಂದಳು.

"ಇದೇನಮ್ಮಾ?"

"ನೊಗದ ಕೆಳಗೆ ಇಟ್ಟುಕೊಳ್ಳೋಕೆ. ಕತ್ತು ಉಜ್ಜಬಾರದಲ್ಲ."

"ಸುಖ ಬೇಕು ಅನ್ನೋರು ಮನೇಲಿರಬೇಕು," ಅಂತ ಅದನ್ನು ಕಾಲಲ್ಲಿ ಒದ್ದು ಪೊದೆಗೆ ತಳ್ಳಿದ. ಮಕ್ಕಳೇ, ಎಳೆಯೋಳ ಕತ್ತಿಗೆ ಇರೋ ಒಂದೇ ಒಂದು ಮೆತ್ತೆ! ಚೌಡಕ್ಕ ಸುಮ್ಮನಿದ್ದಳು. ಸುಮ್ಮನಿದ್ದದ್ದು ಅವಳ ತಪ್ಪು, ನಾನು ಮುಚ್ಚಿಡೋಲ್ಲ.

ಕೊನೆಗೆ ಜುಂಜಮ್ಮ ಬಂದಳು. ತಲೆಯ ಮೇಲೆ ಹೊಟ್ಟು ಹಾಸಿದ ಬುಟ್ಟಿ. ಬುಟ್ಟಿಯಲ್ಲಿ ಏಳು ಮೊಟ್ಟೆ.

"ಇನ್ನು ಮೂರೇ ದಿನ ಯಜಮಾನರೇ. ಮರಿ ಹೊರಗೆ ಬರುತ್ತವೆ."

"ಮೊಟ್ಟೆ ದಂಡದ ಭಾರ. ಸುಮ್ಮನೆ ಕೂತಿರುತ್ತವೆ. ಒಂದು ಕೆಲಸಕ್ಕುಂಟಾ?"

ಜುಂಜಮ್ಮನಿಗೆ ಗರಿಯೆಲ್ಲ ನಿಗುರಿದವು. "ನೀನು ನಿಮ್ಮವ್ವನ ಹೊಟ್ಟೇಲಿದ್ದಾಗ ಯಾವ ಕೆಲಸ ಮಾಡ್ತಿದ್ದೆ? ಕಟ್ಟಿಗೆ ಒಡೀತಿದ್ದೆಯಾ?"

ತಿಮ್ಮರಾಯಿ ಕಿಸಕ್ಕನೆ ನಕ್ಕ. ಪಾತಾಳಪ್ಪನ ಮೀಸೆ ಇಳಿಯಿತು.

"ಆಯ್ತು ಇಟ್ಕೋ. ಏರು ಬಂದಾಗ ಗಾಡಿ ಹತ್ತದಿದ್ದರೆ ಮೊದಲು ಇಳಿಯೋದು ಅದೇ," ಅಂದ.

ಎಲ್ಲರದೂ ಮುಗಿದ ಮೇಲೆ ಅವನು ತನ್ನ ಸಾಮಾನು ತಂದ. ಮೂರು ದೊಡ್ಡ ಮರದ ಪೆಟ್ಟಿಗೆ!

"ಇದರಲ್ಲಿ ರಿಪೇರಿ ಸಾಮಾನು. ಇದರಲ್ಲಿ ಆಪತ್ತಿಗೆ ಬೇಕಾಗೋ ಸಾಮಾನು."

"ಮೂರನೇದರಲ್ಲಿ?" ಅಂದ ತಿಮ್ಮರಾಯಿ.

"ಅದು ಇರಲಿ ಅಂತ."

"ಇರಲಿ ಅಂದ್ರೆ ಏನಿದೆ ಒಳಗೆ?"

"ಇರಲಿ ಅಂದ್ರೆ ಇರಲಿ. ಯಾವತ್ತೋ ಒಂದು ದಿನ ಬೇಕಾದಾಗ ನನ್ನ ಕಾಲಿಗೆ ಬೀಳ್ತೀರಿ."

ಮೂರೂ ಪೆಟ್ಟಿಗೆಯನ್ನು ಗಾಡಿಯ ಹಿಂಬದಿಯಲ್ಲಿ ಜೋಡಿಸಿ, ಮೇಲೆ ತಾನು ಕಾಲು ಚಾಚಿ ಕೂತ. ಗಾಡಿ ಹೊರಟಿತು.

ಗಾಡಿ ಹೊಡೆಯುವವರಿಗೆ ಒಂದು ವಿಷಯ ಗೊತ್ತಿರುತ್ತದೆ. ಭಾರ ಗಾಡಿಯ ನಡುವೆ ಇರಬೇಕು. ಮುಂದೆ ಹೆಚ್ಚಾದರೆ ನೊಗ ಕತ್ತನ್ನು ಒತ್ತುತ್ತದೆ. ಹಿಂದೆ ಹೆಚ್ಚಾದರೆ ನೊಗ ಮೇಲೇಳುತ್ತದೆ. ಆಗ ಕತ್ತಿನ ಕೆಳಗೆ ಕಟ್ಟಿದ ಹಗ್ಗ ಗಂಟಲನ್ನೇ ಹಿಸುಕುತ್ತದೆ.

ಮೊದಲ ದಿನ ದಾರಿ ಸಪಾಟಾಗಿತ್ತು. ಹೇಗೋ ನಡೆಯಿತು. ಎರಡನೇ ದಿನ ಚೌಡಕ್ಕನ ಕತ್ತು ಕೆಂಪಗಾಯಿತು.

"ಪಾತಾಳಪ್ಪಾ, ಹಿಂಭಾರ ಆಗಿದೆ. ಉಸಿರು ಕಟ್ಟುತ್ತೆ. ಪೆಟ್ಟಿಗೆ ಒಂಚೂರು ಮುಂದಕ್ಕೆ ತಳ್ಳು."

"ಮುಂದೆ ನನ್ನ ಕಾಲು ಇದೆ," ಅಂದ ಅವನು. "ಭಾರ ಆಯ್ತಾ? ಲೋ ತಿಮ್ಮರಾಯಿ, ಕೆಳಗಿಳಿ. ನಡಿ."

"ನನ್ನ ಕಾಲು ಕುಂಟು ಯಜಮಾನರೇ."

"ಮೂರು ಕಾಲು ಸರಿ ಇದೆಯಲ್ಲ!"

ಪಾಪ, ಮುದುಕ ಮೊಲ ಕುಂಟುತ್ತಾ ಗಾಡಿಯ ಹಿಂದೆ ನಡೆಯಿತು. ನಡೆಯುತ್ತಾ ಅವನಿಗೆ ಒಂದು ಸದ್ದು ಕೇಳಿಸಿತು. ಗೊರ್... ಗೊರ್...

"ಯಜಮಾನರೇ, ನಿಮ್ಮ ಪೆಟ್ಟಿಗೆ ಗೊರಕೆ ಹೊಡೀತಿದೆ!"

"ಕಬ್ಬಿಣ ಕಣೋ. ಬಿಸಿಲಿಗೆ ಹಿಗ್ಗಿದರೆ ಹಾಗೇ ಸದ್ದು ಮಾಡುತ್ತೆ. ಬಾಯಿ ಮುಚ್ಕೊಂಡು ನಡಿ."

ಮಧ್ಯಾಹ್ನ ಪಾತಾಳಪ್ಪ ಹೊಟ್ಟೆ ತುಂಬ ನೀರು ಕುಡಿದು, "ನೀರು ಭಾರ," ಅಂತ ಉಳಿದದ್ದನ್ನು ದಾರಿಗೆ ಚೆಲ್ಲಿದ. ಚೌಡಕ್ಕನ ನಾಲಿಗೆ ಒಣಗಿತ್ತು. ನೆಲದ ಮೇಲೆ ಹರಿದ ನೀರು ಮಣ್ಣಿಗೆ ಇಳಿಯುವುದನ್ನು ನೋಡಿದಳು. ಮತ್ತೆ ನೊಗಕ್ಕೆ ಕತ್ತು ಕೊಟ್ಟಳು.

ಮೂರನೇ ದಿನ ಗುಡ್ಡದ ಏರು ಬಂತು. ಅದನ್ನು ಹತ್ತಿ ಇಳಿದರೆ ಆಚೆ ಹುಲ್ಲುಗಾವಲು. ಚೌಡಕ್ಕ ತಲೆ ತಗ್ಗಿಸಿ ಎಳೆದಳು. ಏರಿನಲ್ಲಿ ಪೆಟ್ಟಿಗೆಗಳು ಇನ್ನಷ್ಟು ಹಿಂದಕ್ಕೆ ಜಾರಿದವು. ಹಗ್ಗ ಬಿಗಿಯಿತು. ಅವಳ ಕಣ್ಣು ಮೇಲಕ್ಕೆ ಸಿಕ್ಕಿಕೊಂಡವು, ಗಂಟಲಿನಿಂದ ಗೊಗ್ಗರು ದನಿ ಬಂತು. ಗಾಡಿ ನಿಂತಿತು.

"ನಾನು ಮೊದಲೇ ಹೇಳಿದ್ದೆ," ಅಂದ ಪಾತಾಳಪ್ಪ. "ಜುಂಜಮ್ಮಾ, ಇಳಿಸು ಬುಟ್ಟಿ."

"ಬೇಡಪ್ಪಾ, ದಮ್ಮಯ್ಯ! ನಾಳೆ ಮರಿ ಬರುತ್ತವೆ. ಕಾವು ತಪ್ಪಿದರೆ ಸತ್ತು ಹೋಗುತ್ತವೆ. ನಾನೂ ಇಳಿದು ನಡೀತೀನಿ, ಬುಟ್ಟಿ ಒಂದು ಇರಲಿ."

"ಇಲ್ಲೇ ಇಟ್ಟು ಆಮೇಲೆ ಬಂದು ತಗೊಂಡು ಹೋಗು."

ಜುಂಜಮ್ಮ ಬುಟ್ಟಿಯನ್ನು ರೆಕ್ಕೆಯಲ್ಲಿ ಅವುಚಿಕೊಂಡಳು. ಅವನು ಕಿತ್ತುಕೊಂಡ. ಕೆಳಗೆ ಬಗ್ಗಿ ಬಂಡೆಯ ಮೇಲೆ ಕುಕ್ಕಿದ. ಅಷ್ಟು ರಭಸಕ್ಕೆ ಒಂದು ಮೊಟ್ಟೆ ಒಡೆದುಹೋಯಿತು. ಜುಂಜಮ್ಮ ಚೀರಿಕೊಂಡು ಕೆಳಗೆ ಹಾರಿದಳು.

ಪಾತಾಳಪ್ಪ ಏನಂದ ಗೊತ್ತಾ? "ಒಂದು ತಾನೇ! ಅಷ್ಟು ಭಾರ ಕಮ್ಮಿ ಆಯ್ತು."

ಅಂದನಲ್ಲ, ಪಾಪಿ! ಅವನ ನಾಲಿಗೆ ಸೇದಿ ಹೋಗ!

ಆಗ ಚೌಡಕ್ಕನಿಗೆ ಸಿಟ್ಟು ಬಂತು. ಮೂರು ದಿನದಿಂದ ನುಂಗಿದ್ದೆಲ್ಲ ಒಟ್ಟಿಗೆ ಬಂತು. ಆದರೆ ಅವಳು ಕೂಗಾಡಲಿಲ್ಲ.

"ತಿಮ್ಮರಾಯಣ್ಣಾ, ಚಕ್ರದ ಹಿಂದೆ ಎರಡು ಕಲ್ಲು ಕೊಡು," ಅಂದಳು.

ತಿಮ್ಮರಾಯಿ ಕೊಟ್ಟ.

"ಈಗ ನನ್ನ ಕತ್ತಿನ ಹಗ್ಗದ ಗಂಟು ಕಡಿ."

"ಏಯ್ ಏಯ್! ನಾನಿನ್ನೂ ಮೇಲಿದ್ದೀನಿ!" ಅಂತ ಕೂಗಿದ ಪಾತಾಳಪ್ಪ.

ತಿಮ್ಮರಾಯಿ ಗಂಟನ್ನು ಹಲ್ಲಿನಿಂದ ಕಡಿದ. ಚೌಡಕ್ಕ ನೊಗದಿಂದ ಹೊರಗೆ ಬಂದಳು. ಬಂದಳೋ ಇಲ್ಲವೋ, ನೊಗ ಸರ್ರನೆ ಆಕಾಶಕ್ಕೆ ಎದ್ದಿತು. ಗಾಡಿಯ ಹಿಂಬದಿ ಧಡ್ ಅಂತ ನೆಲಕ್ಕೆ ಬಡಿಯಿತು. ಭಾರ ಯಾರದು ಅಂತ ಗಾಡಿಯೇ ಸಾಕ್ಷಿ ಹೇಳಿತು. ಮೂರು ಪೆಟ್ಟಿಗೆ, ಅದರ ಹಿಂದೆ ಪಾತಾಳಪ್ಪ, ಉರುಳಿ ಉರುಳಿ ಹೋದರು; ಪೆಟ್ಟಿಗೆಗಳು ಕಲ್ಲಿಗೆ ಬಡಿದು ಬಾಯಿ ಬಿಟ್ಟವು.

ರಿಪೇರಿ ಪೆಟ್ಟಿಗೆಯಿಂದ ಬಿದ್ದದ್ದು ಏನು? ಬೀಗದ ಕೈ ಇಲ್ಲದ ಬೀಗಗಳು, ಹಲ್ಲು ಮುರಿದ ಬಾಚಣಿಗೆ, ಬಟ್ಟೆ ಇಲ್ಲದ ಛತ್ರಿಯ ಕಡ್ಡಿ, ತೂತು ಬಿದ್ದ ಚೊಂಬು. ಆಪತ್ತಿನ ಪೆಟ್ಟಿಗೆಯಲ್ಲಿ ಬರೀ ಕಡಲೆಕಾಯಿ; ಅರ್ಧ ಆಗಲೇ ಸಿಪ್ಪೆ. ಇನ್ನು ಆ 'ಇರಲಿ' ಪೆಟ್ಟಿಗೆ? ಅದರೊಳಗಿಂದ ಪಾತಾಳಪ್ಪನಿಗಿಂತ ದಪ್ಪನೆಯ ಇನ್ನೊಂದು ಹೆಗ್ಗಣ ಕಣ್ಣುಜ್ಜಿಕೊಂಡು ಎದ್ದಿತು.

"ಯಾಕ್ ಭಾವಾ, ಊರು ಬಂತಾ?" ಅಂದಿತು.

ಅವನ ಭಾವಮೈದ! ಮೂರು ದಿನ ಪೆಟ್ಟಿಗೆಯಲ್ಲಿ ನಿದ್ದೆ ಹೊಡೆಯುತ್ತಾ ಬಂದಿದ್ದ. ಕುಂಟು ಮೊಲ ಮಾತ್ರ ಹಿಂದೆ ನಡೆಯುತ್ತಿತ್ತು!

"ಕಬ್ಬಿಣಕ್ಕೆ ಬಾಲ ಬಂದಿದೆ," ಅಂದ ತಿಮ್ಮರಾಯಿ. ಈ ಸಲ ಅವನು ನಗಲಿಲ್ಲ.

ಚೌಡಕ್ಕ ಪಾತಾಳಪ್ಪನ ಮುಂದೆ ಹೋಗಿ ನಿಂತಳು. ಅವಳ ಕತ್ತಿನ ಗಾಯದಿಂದ ರಕ್ತ ಒಸರುತ್ತಿತ್ತು.

"ನೋಡು ಇದನ್ನ," ಅಂದಳು. "ಕಣ್ಣು ಬಿಟ್ಟು ನೋಡು. ಇದು ನನ್ನ ಕತ್ತು. ನಿನ್ನ ಮುರುಕು ಬೀಗ ಎಳೆದಿದ್ದು ಇದು. ನಿನ್ನ ಭಾವಮೈದನ ನಿದ್ದೆ ಎಳೆದಿದ್ದು ಇದು. ನನ್ನ ಮೆತ್ತೆ ಭಾರ ಅಂದೆ. ನೀರು ಭಾರ ಅಂದೆ. ನಾಳೆ ಹುಟ್ಟೋ ಮರಿ ಭಾರ ಅಂದೆ. ನಿನಗೆ ಭಾರ ಅಂದ್ರೆ ಏನು ಅಂತ ಗೊತ್ತೇನೋ?"

ಪಾತಾಳಪ್ಪ ತೊದಲಿದ. "ಚೌಡಕ್ಕಾ, ನಿನಗೆ ಅನುಭವ ಸಾಲದು. ಯಾವತ್ತೋ ಒಂದು ದಿನ..."

"ಯಾವತ್ತೋ ಬೇಡ. ಈಗ. ಅಗೋ ಅಲ್ಲಿ ಹುಣಸೆಮರ ಇದೆ. ಇನ್ನು ಮೇಲೆ ಈ ಗಾಡಿಗೆ ಏನು ಏರಬೇಕಾದರೂ ಅದರ ಒಡೆಯರು ಅದನ್ನ ತಾವೇ ಹೊತ್ತುಕೊಂಡು ಆ ಮರ ಮುಟ್ಟಿ ಬರಬೇಕು. ಬಂದ ಮೇಲೂ ಬೇಕು ಅನ್ನಿಸಿದರೆ ಹೇರಿ. ನಾನು ಎಳೀತೀನಿ."

ಮೊದಲು ಜುಂಜಮ್ಮ ಹೋದಳು. ಆರು ಮೊಟ್ಟೆಯ ಬುಟ್ಟಿ ತಲೆಯ ಮೇಲೆ. ಕಣ್ಣಲ್ಲಿ ನೀರು. ಆದರೂ ಎಲ್ಲೂ ಇಳಿಸಲಿಲ್ಲ. ಮರ ಮುಟ್ಟಿ ಬಂದು, "ಬೇಕು," ಅಂದಳು. ತಿಮ್ಮರಾಯಿ ಮಡಕೆ ಹೊತ್ತು ಕುಂಟುತ್ತಾ ಹೋಗಿ ಬಂದ. "ಬೇಕು," ಅಂದ.

ಪಾತಾಳಪ್ಪ ಒಂದು ಪೆಟ್ಟಿಗೆ ಬೆನ್ನಿಗೇರಿಸಿದ. ಎಂಟು ಹೆಜ್ಜೆಗೆ ಏದುಸಿರು. ಬೀಗ ಎಸೆದ. ಇನ್ನೆರಡು ಹೆಜ್ಜೆಗೆ ಛತ್ರಿ ಕಡ್ಡಿ ಎಸೆದ. ಆಮೇಲೆ ಚೊಂಬು. ಆಮೇಲೆ ಪೆಟ್ಟಿಗೆಯನ್ನೇ ಕೆಳಗೆ ಹಾಕಿ ಅದರ ಮೇಲೆ ಕುಸಿದು ಕೂತ.

"ಇದು ಗಾಡಿಯಲ್ಲಿ ಹೋಗೋ ಸಾಮಾನು ಕಣಮ್ಮಾ," ಅಂದ. "ಹೊರೋ ಸಾಮಾನಲ್ಲ."

"ಗಾಡಿ ತಾನಾಗೇ ನಡೆಯುತ್ತೇನೋ?" ಅಂದಳು ಚೌಡಕ್ಕ.

"ಭಾವಾ, ಅದಿರಲಿ. ನನ್ನನ್ನ ಯಾವಾಗ ಹೊರ್ತೀಯಾ?" ಅಂತ ಭಾವಮೈದ ಆಕಳಿಸಿದ.

"ನೀನಾ? ನೀನು ಏತಕ್ಕೆ ಬೇಕು? ದಂಡದ ಭಾರ!" ಅಂದ ಪಾತಾಳಪ್ಪ. ತನ್ನ ಬಾಯಿಂದಲೇ ಬಂತು ನೋಡಿ! ಅಂದಮೇಲೆ ಅವನ ಮುಖ ಸುಟ್ಟ ಬದನೆಕಾಯಿ ಆಯಿತು.

ತಿಮ್ಮರಾಯಿ ಹುಲ್ಲು ಕಿತ್ತು ಹೆಣೆದು ಚೌಡಕ್ಕನ ಕತ್ತಿಗೆ ದಪ್ಪನೆಯ ಮೆತ್ತೆ ಮಾಡಿದ. ಬುಟ್ಟಿಯನ್ನು ಗಾಡಿಯ ನಡುವೆ ಇಟ್ಟರು. ಅವನೇ ಬೇಡ ಅಂದರೂ ಚೌಡಕ್ಕ ತಿಮ್ಮರಾಯಿಯನ್ನು ಮೇಲೆ ಹತ್ತಿಸಿದಳು. "ನೀನು ಎಷ್ಟು ಭಾರ ಅಂತ ನನ್ನ ಕತ್ತು ಹೇಳುತ್ತೆ ಬಿಡು," ಅಂದಳು. ಗಾಡಿ ಏರು ಹತ್ತಿತು.

ಆಮೇಲೆ ಯಾರು ಏನಾದರು ಅಂತ ಕೇಳ್ತೀರಿ, ಹೇಳಿಬಿಡ್ತೀನಿ. ಜುಂಜಮ್ಮನಿಗೆ ಮಾರನೇ ದಿನ ಆರು ಮರಿ ಹುಟ್ಟಿದವು. ಏಳನೆಯದನ್ನು ಅವಳು ಮರೆಯಲಿಲ್ಲ, ಯಾರಾದರೂ "ಆರಾದರೂ ಉಳಿದವಲ್ಲ" ಅಂದರೆ ಕುಕ್ಕಲು ಬರುತ್ತಿದ್ದಳು, ನಾನಾಗಿದ್ದರೂ ಕುಕ್ಕುತ್ತಿದ್ದೆ. ತಿಮ್ಮರಾಯಿ ಗಾಡಿಯಲ್ಲಿ ಭಾರ ಸರಿಯಾಗಿ ಹಂಚಿಡುವ ಕೆಲಸಕ್ಕೆ ನಿಂತ, ಹುಲ್ಲುಗಾವಲಿನ ಬೇರೆ ಗಾಡಿಯವರೂ ಅವನನ್ನು ಕರೆಯತೊಡಗಿದರು. ಭಾವಮೈದ ಕಡಲೆಕಾಯಿ ಮುಗಿಯುವ ತನಕ ಇದ್ದು, ಇನ್ನೊಬ್ಬ ಭಾವನನ್ನು ಹುಡುಕಿಕೊಂಡು ಹೋದ. ಪಾತಾಳಪ್ಪ ಮೂರು ಪೆಟ್ಟಿಗೆಯನ್ನು ಹೊರಲೂ ಆರದೆ, ಬಿಡಲೂ ಆರದೆ, ಆ ಏರಿನ ಮೇಲೇ ಮುದುಕನಾದ. ಹಾದುಹೋಗುವ ಗಾಡಿಗಳನ್ನು ಕೈಯೆತ್ತಿ ಕರೆಯುತ್ತಿದ್ದ, ಯಾವುದೂ ನಿಲ್ಲಲಿಲ್ಲ. ಚೌಡಕ್ಕನ ಗಾಯ ಮಾಗಿತು, ಅಲ್ಲಿ ಬಿಳಿ ಕೂದಲು ಬಂತು. ಬದುಕಿರುವ ತನಕ ಅವಳು ಗಾಡಿ ಎಳೆದಳು, ಆದರೆ ಅವಳನ್ನು ಕೇಳದೆ ಆ ಗಾಡಿಗೆ ಯಾರೂ ಒಂದು ಹುಲ್ಲುಕಡ್ಡಿ ಇಡಲಿಲ್ಲ.

ನೀತಿ: ದಾರಿಯ ಬದುಕಿಗೆ ಏನು ಬೇಕು, ಏನು ಬೇಡ ಎಂದು ಹೇಳಬೇಕಾದವರು ಭಾರ ಎಳೆಯುವವರು, ತಾನು ಹತ್ತು ಹೆಜ್ಜೆ ಹೊರಲಾರದ್ದನ್ನು ಇನ್ನೊಬ್ಬರ ಕತ್ತಿಗೆ ಕಟ್ಟಬಾರದು, ಕಟ್ಟಲು ಬಂದರೆ ಮೊದಲ ದಿನವೇ ಬಾಯಿ ಬಿಟ್ಟು ಬೇಡ ಅನ್ನಬೇಕು.